ನೋಡದೆ ಮುಗಿದ ಕೈ

ನಿಮ್ಮ ಫೋನು ಈಚೆಗೆ ಸತಾಯಿಸುತ್ತಿದೆಯಾ? ಮುಟ್ಟಿದರೆ ಒಂದು ನಿಮಿಷ ಯೋಚನೆ ಮಾಡಿ ಆಮೇಲೆ ತೆರೆದುಕೊಳ್ಳುತ್ತಿದೆಯಾ? "ಜಾಗ ತುಂಬಿದೆ, ಏನಾದರೂ ಅಳಿಸಿ" ಎಂದು ದಿನಕ್ಕೆ ನಾಲ್ಕು ಸಲ ಗೋಗರೆಯುತ್ತಿದೆಯಾ? ಹಾಗಿದ್ದರೆ ಹಲ್ಲಕ್ಕನ ಕಥೆ ಕೇಳಿ. ನಡುವೆ ನಗು ಬಂದರೆ ನಕ್ಕುಬಿಡಿ, ಬೇಜಾರಿಲ್ಲ. ಆದರೆ ಕೊನೆವರೆಗೆ ಕೇಳಿ.

ಹಲ್ಲಕ್ಕ ಎಂದರೆ ಹಲ್ಲಿನ ಸೆಟ್ಟು ಮಾಡುವವಳು. ಮನೆಯ ಮುಂದಿನ ಕೋಣೆಯೇ ಅವಳ ಕೆಲಸದ ಜಾಗ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವಳು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಗುಲಾಬಿ ಬಣ್ಣದ ಒಸಡು ಎರಕ ಹೊಯ್ದು, ಚಕ್ರಕ್ಕೆ ಹಿಡಿದು ಹೊಳಪು ಕೊಡುತ್ತಾಳೆ. ಮೂವತ್ತು ವರ್ಷದಿಂದ ಇದೇ ಕೆಲಸ. ಮೊದಲು ಎಲ್ಲರೂ ಬರೀ ಅಕ್ಕ ಅನ್ನುತ್ತಿದ್ದರು. ಆ ಅಕ್ಕನಿಗೆ ಹಲ್ಲು ಯಾವಾಗ ಸೇರಿಕೊಂಡಿತೋ ಅವಳಿಗೂ ನೆನಪಿಲ್ಲ.

ಅವಳ ಕೈ ಬೆಳಗಿನಿಂದ ಸಂಜೆವರೆಗೆ ಪ್ಲಾಸ್ಟರಿನಲ್ಲೋ ಮೇಣದಲ್ಲೋ ಮುಳುಗಿರುತ್ತದೆ. ಪಕ್ಕದಲ್ಲೇ ಫೋನು. ಟಿಣ್ ಎಂದರೆ ಸಾಕು, ಕೊಳೆಯಾಗದೆ ಉಳಿದ ಕಿರುಬೆರಳಿನಿಂದ ಟಪ್ ಎಂದು ಒತ್ತುತ್ತಾಳೆ. ಏನು ಒತ್ತುತ್ತಾಳೆ? ಕೈ ಮುಗಿಯುವ ಚಿತ್ರ. ಯಾರು ಏನು ಕಳಿಸಿದರೂ ಒಂದು ಕೈ ಮುಗಿದುಬಿಡುವುದು. ಶುಭೋದಯಕ್ಕೆ, ಸಾವಿನ ಸುದ್ದಿಗೆ, ಕರೆಂಟು ಇರುವುದಿಲ್ಲ ಎಂಬ ಪ್ರಕಟಣೆಗೆ, ಕಳೆದುಹೋದ ಬೆಕ್ಕಿಗೆ, ಎಲ್ಲಕ್ಕೂ ಅದೇ. ತೆರೆದು ನೋಡುವುದಕ್ಕೆ ಕೈ ಬಿಡುವಿಲ್ಲ. ಹಾಗಂತ ಅಳಿಸುವವಳೂ ಅಲ್ಲ. ಕಳಿಸಿದ್ದನ್ನು ಅಳಿಸುವುದೆಂದರೆ ಮನೆಗೆ ಬಂದವರನ್ನು ಕತ್ತು ಹಿಡಿದು ಆಚೆ ನೂಕಿದ ಹಾಗೆ ಎಂದು ಅವಳ ಲೆಕ್ಕ. ಹೀಗಾಗಿ ಫೋನಿನ ಹೊಟ್ಟೆ ಉಬ್ಬಿ ಒಡೆಯುವ ಹಾಗಾಗಿತ್ತು.

ಇಷ್ಟೆಲ್ಲ ಕಳಿಸುವವರು ಯಾರು? "ನಮ್ಮ ಬೀದಿ ಬಳಗ" ಎಂಬ ಗ್ರೂಪು. ಅದನ್ನು ಮಾಡಿದವನು ಹಲ್ಲಕ್ಕನ ಮೈದುನ. ನೀರಿನ ಮೀಟರ್ ನೋಡುವ ಕೆಲಸ, ಆದರೆ ಬೀದಿಯಲ್ಲಿ ಅವನ ಹೆಸರು ಬಿಸಿಸುದ್ದಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಎಲ್ಲಿಂದಲೋ ಬಂದದ್ದನ್ನು ಇನ್ನೆಲ್ಲಿಗೋ ತಳ್ಳದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಕಂಡಕ್ಟರಮ್ಮ ಬಂದಳು. ಗಡಿ ದಾಟಿ ಆಚೆ ದೇಶಕ್ಕೆ ಹೋಗುವ ಬಸ್ಸಿನಲ್ಲಿ ಟಿಕೆಟ್ ಕೊಡುವವಳು, ಹಲ್ಲಕ್ಕನಿಗೆ ತಂಗಿಯಂಥವಳು. ಮೇಲಿನ ಸೆಟ್ಟು ಸಡಿಲವಾಗಿದೆ ಎಂದು ಕೈಯಲ್ಲೇ ಹಿಡಿದು ಬಂದಿದ್ದಳು.

"ಏನೇ ಇದು! ಮಾಡಿಕೊಟ್ಟು ಒಂದು ವರ್ಷ ಆಗಿಲ್ಲ. ನೀನು ಟಿಕೆಟ್ ಕೊಡ್ತೀಯೋ, ಪ್ರಯಾಣಿಕರನ್ನ ಕಚ್ತೀಯೋ?" ಎಂದಳು ಹಲ್ಲಕ್ಕ.

"ಬಾಯಿ ಮುಚ್ಚಿದ್ರೆ ತಾನೇ ಅಕ್ಕ ಹಲ್ಲು ನಿಲ್ಲೋದು? ದಿನಕ್ಕೆ ನೂರು ಸಲ 'ಒಳಗೆ ಹೋಗಿ, ಒಳಗೆ ಹೋಗಿ' ಅಂತ ಕೂಗ್ಬೇಕು."

ಅಷ್ಟರಲ್ಲಿ ಫೋನು ಟಿಣ್ ಎಂದಿತು. ಹಲ್ಲಕ್ಕ ಅತ್ತ ತಿರುಗಿಯೂ ನೋಡದೆ ಕಿರುಬೆರಳಿನಿಂದ ಟಪ್ ಎಂದು ಒತ್ತಿದಳು.

"ಏನು ಬಂತು ಅಕ್ಕ?"

"ಯಾರಿಗ್ಗೊತ್ತು. ಗ್ರೂಪಿನದು."

"ಏನು ಅಂತ ಗೊತ್ತಿಲ್ಲದೆ ಕೈ ಮುಗಿದ್ರಾ?"

"ಕೈ ಮುಗಿಯೋಕೆ ಎಲ್ಲಾ ಗೊತ್ತಿರಬೇಕಾ? ಅದೊಂದು ಮರ್ಯಾದೆ ಕಣೇ. ಕಳಿಸಿದೋರು ಕಾಯ್ತಾ ಇರ್ತಾರೆ."

ಕಂಡಕ್ಟರಮ್ಮ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅಕ್ಕ, ಮುಂದಿನ ವಾರ ಮಗಳ ಹತ್ರ ಹೊರಟಿದ್ದೀರಿ. ನನ್ನ ಬಸ್ಸಲ್ಲೇ ಬರ್ತೀರಿ. ಅದಕ್ಕೆ ಹೇಳ್ತಿದ್ದೀನಿ. ಗಡಿಯಲ್ಲಿ ಈಗ ಬ್ಯಾಗು ನೋಡೋದು ಕಮ್ಮಿ, ಫೋನು ನೋಡೋದು ಜಾಸ್ತಿ. ಹೋಗೋ ಮುಂಚೆ ಇದನ್ನೊಂದು ಸಲ ಗುಡಿಸಿ ಸಾರಿಸಿ ಇಟ್ಕೊಳ್ಳಿ."

"ನನ್ನ ಫೋನಲ್ಲಿ ಏನಿದೆ ಮಣ್ಣು? ಬೊಚ್ಚುಬಾಯಿ ಫೋಟೋಗಳಿವೆ. ನೋಡ್ಲಿ ಬಿಡು. ಅವರಿಗೂ ವಯಸ್ಸಾಗುತ್ತೆ."

ಒಳಗಿನಿಂದ ಯಜಮಾನರ ದನಿ ಬಂತು. ಅವರು ಪುಸ್ತಕಗಳಿಗೆ ರಟ್ಟು ಕಟ್ಟುವವರು. ಅಂಟು ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತರು. "ತಪ್ಪು ಮಾಡದೋರು ಯಾಕಮ್ಮ ಹೆದರಬೇಕು? ಅವಳೇನು ಕಳ್ಳಸಾಗಣೆ ಮಾಡ್ತಾಳಾ?"

"ಅಣ್ಣ, ಅಲ್ಲಿ ನೀವು ತಪ್ಪು ಮಾಡಿದ್ರಾ ಅಂತ ಮೊದಲು ಕೇಳಲ್ಲ. ನಿಮ್ಮ ಫೋನಲ್ಲಿ ಏನಿದೆ ಅಂತ ಕೇಳ್ತಾರೆ. ಮನೆಗೆ ಪೊಲೀಸ್ ಬಂದ್ರೆ ಕೋರ್ಟಿನ ಕಾಗದ ಎಲ್ಲಿ ಅಂತ ನಾವು ಕೇಳಬಹುದು. ಗಡಿ ಹಾಗಲ್ಲ. ಅಲ್ಲಿ ಒಳಗೆ ಬಿಡೋದೂ ಬಿಡದೇ ಇರೋದೂ ಅವರ ಕೈಲಿದೆ. ಫೋನ್ ತೆರೀರಿ ಅಂದ್ರೆ ತೆರೀಬೇಕು. ಇಲ್ಲ ಅಂದ್ರೆ ಅದನ್ನ ಇಟ್ಕೊಳ್ತಾರೆ, ನಿಮ್ಮನ್ನ ವಾಪಸ್ ಕಳಿಸ್ತಾರೆ. ಆ ಕಡೆ ಕಾನೂನೇ ಹಾಗಿದೆ."

"ಕಳಿಸಿದವನನ್ನ ಬಿಟ್ಟು ಬಂದದ್ದನ್ನ ಇಟ್ಕೊಂಡವಳನ್ನ ಹಿಡೀತಾರಾ?"

"ಇಟ್ಕೊಂಡಿದ್ರೇನೇ ಅಪರಾಧ ಅನ್ನೋ ವಿಡಿಯೋಗಳಿವೆ ಅಣ್ಣ. ಮನುಷ್ಯರನ್ನ ಕೊಂದು, ಚಿತ್ರ ಹಿಡಿದು, ನೀವೂ ಹೀಗೇ ಮಾಡಿ ಅಂತ ಹಂಚೋ ಪಾಪಿಗಳಿದ್ದಾರೆ. ಹೋದ ತಿಂಗಳು ನನ್ನ ಬಸ್ಸಿಂದ ಒಬ್ಬ ಗಾರೆ ಮೇಸ್ತ್ರೀನ ಇಳಿಸಿದ್ರು. ನಾನು ನೋಡೇ ಇಲ್ಲ ಅಂತ ಅಳ್ತಿದ್ದ. ನೋಡಿರ್ಲಿಲ್ಲ ಅಂತ ನನಗೂ ಅನ್ನಿಸ್ತು. ಆದ್ರೆ ವಿಡಿಯೋ ಅವನ ಜೇಬಲ್ಲಿತ್ತು."

ಆಮೇಲೆ ಅವಳು ಫೋನು ಕೈಗೆತ್ತಿಕೊಂಡು, ಗ್ರೂಪಿಗೆ ಬಂದದ್ದೆಲ್ಲ ತಾನಾಗಿಯೇ ಫೋನಿಗೆ ಇಳಿಯುವುದನ್ನು ಎಲ್ಲಿ ನಿಲ್ಲಿಸಬೇಕೆಂದು ತೋರಿಸಲು ಹೊರಟಳು. ಹಲ್ಲಕ್ಕ ಕಿತ್ತುಕೊಂಡಳು.

"ಇಳಿಯದೇ ಇದ್ರೆ ಮಗಳು ಕಳಿಸೋ ಫೋಟೋನೂ ಇಳಿಯಲ್ಲ. ಬೇಡ ಬಿಡು."

"ನಿಮಗೆ ಬೇಕಾದ್ದನ್ನ ನೀವೇ ಒತ್ತಿ ಇಳಿಸ್ಕೊಬಹುದು ಅಕ್ಕ."

"ಮೇಣ ಮೆತ್ತಿದ ಕೈಲಾ?"

"ಹೋಗ್ಲಿ, ಆ ಗ್ರೂಪಿಂದಾದ್ರೂ ಹೊರಗೆ ಬನ್ನಿ."

"ಮೈದುನ ಮುಖ ಊದಿಸ್ಕೊಳ್ತಾನೆ. ಅಳಿಸೋದು ತಾನೇ? ಕೂತು ಅಳಿಸ್ತೀನಿ ಬಿಡು."

"ಮಗಳ ನಂಬರಾದ್ರೂ ಒಂದು ಚೀಟಿಯಲ್ಲಿ ಬರ್ಕೊಳ್ಳಿ."

"ಫೋನಲ್ಲೇ ಇದೆಯಲ್ಲೇ!"

ಕಂಡಕ್ಟರಮ್ಮ ಹಲ್ಲಕ್ಕ ಸರಿಮಾಡಿಕೊಟ್ಟ ಸೆಟ್ಟು ಹಾಕಿಕೊಂಡು, ಎರಡು ಸಲ ಕಚ್ಚಿ ನೋಡಿ, ಎದ್ದು ಹೋದಳು.

ಹಲ್ಲಕ್ಕ ಮಾತಿಗೆ ತಪ್ಪಲಿಲ್ಲ. ಮಾರನೆಯ ದಿನ ಕೈ ತೊಳೆದು ಅಳಿಸಲು ಕುಳಿತಳು. ಮೊದಲು ಸಿಕ್ಕಿದ್ದು ಎದುರುಮನೆಯ ವಿಧವೆ ಕಳಿಸಿದ ಗುಲಾಬಿ ಹೂವು. ಗಂಡ ಹೋದ ಮೇಲೆ ಆಕೆಗೆ ಬೆಳಿಗ್ಗೆ ಎದ್ದರೆ ಇದೊಂದೇ ಕೆಲಸ. ಪಾಪ ಅನ್ನಿಸಿತು. ಮುಂದಿನದು ಒಂದು ದೀಪದ ಚಿತ್ರ, ಅದನ್ನು ಆರಿಸಲು ಮನಸ್ಸಾಗಲಿಲ್ಲ. ಹೀಗೇ ಹತ್ತು ನೋಡಿದಳು. ಎರಡು ಅಳಿಸಿ, ಆ ಎರಡನ್ನೂ ವಾಪಸ್ ತಂದಳು. ಆಮೇಲೆ ಮೇಣ ಆರಿಹೋಗುತ್ತದೆ ಎಂದು ಕೆಲಸಕ್ಕೆ ಎದ್ದಳು. ಅಲ್ಲಿಗೆ ಮುಗಿಯಿತು.

ಅವಳ ತಲೆಯಲ್ಲಿ ಆಗ ಇದ್ದದ್ದು ಒಂದೇ ವಿಚಾರ. ಮಗಳಿಗೆ ದಿನ ತುಂಬಿತ್ತು. ಆಚೆ ದೇಶದ ಒಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಕೆಲಸ. ಅಳಿಯ ಹಡಗಿನಲ್ಲಿ, ವರ್ಷಕ್ಕೆ ಎಂಟು ತಿಂಗಳು ನೀರಿನ ಮೇಲೆ. ಹಿಂದೊಮ್ಮೆ ಏಳನೇ ತಿಂಗಳಲ್ಲೇ ನೋವು ಬಂದು ಕೂಸು ಉಳಿದಿರಲಿಲ್ಲ. ಆಗ ಮಗಳು ಒಬ್ಬಳೇ ಇದ್ದಳು. ಹಲ್ಲಕ್ಕನಿಗೆ ಗಡಿ ದಾಟುವ ಪಾಸು ಸಿಕ್ಕಿ, ಅವಳು ಹೋಗಿ ತಲುಪುವ ಹೊತ್ತಿಗೆ ಎಲ್ಲ ಮುಗಿದು ಮೂರು ದಿನವಾಗಿತ್ತು. ಈ ಸಲ ಮಗಳು ಕೇಳಿದ್ದು ಒಂದೇ: "ಅಮ್ಮಾ, ನನಗೆ ಬೇರೆ ಏನೂ ಬೇಡ. ನೀನು ಪಕ್ಕದಲ್ಲಿ ನನ್ನ ಕೈ ಹಿಡ್ಕೊಂಡಿರು, ಸಾಕು."

"ಬಿಟ್ರೆ ಕೇಳು" ಎಂದಿದ್ದಳು ಹಲ್ಲಕ್ಕ.

ಗಡಿಯಲ್ಲಿ ಬಸ್ಸು ನಿಂತದ್ದು ಬೆಳಿಗ್ಗೆ ಹತ್ತಕ್ಕೆ. ಎಲ್ಲರೂ ಇಳಿದು ಸಾಲು ನಿಂತರು. ಹಲ್ಲಕ್ಕನ ಬ್ಯಾಗನ್ನು ಯಾರೂ ಕೇಳಲಿಲ್ಲ. ಕೂಸಿಗೆಂದು ತಂದ ಹಳೇ ಮೆತ್ತನೆಯ ಬಟ್ಟೆಗಳನ್ನು ಯಾರೂ ಬಿಡಿಸಿ ನೋಡಲಿಲ್ಲ. ಕಿಟಕಿಯಲ್ಲಿ ಕುಳಿತವನು ಪಾಸಿಗೆ ಮುದ್ರೆ ಒತ್ತುವ ಮೊದಲು ಪಕ್ಕದ ಬಾಗಿಲು ತೋರಿಸಿದ.

ಒಳಗೆ ಕಿಟಕಿಯಿಲ್ಲದ ಕೋಣೆ, ಒಂದು ಮೇಜು, ಮೂರು ಕುರ್ಚಿ. ಅಧಿಕಾರಿಗೆ ಮೂವತ್ತರ ಆಸುಪಾಸು. ಕೆಳಗಿನ ಸಾಲಿನಲ್ಲಿ ಒಂದು ಹಲ್ಲು ಓರೆ. ಹಲ್ಲಕ್ಕನಿಗೆ ಯಾರನ್ನು ಕಂಡರೂ ಮೊದಲು ಕಾಣುವುದು ಹಲ್ಲೇ. ಅವನಿಗೆ ಇವಳ ಭಾಷೆ ಅರ್ಧಂಬರ್ಧ ಬರುತ್ತಿತ್ತು.

"ಫೋನ್ ತೆರೀರಿ, ಅಮ್ಮ."

ತೆರೆದಳು. ತೆರೆದ ಕೂಡಲೇ ಕಂಡಕ್ಟರಮ್ಮ ಹೇಳಿದ ಗಾರೆ ಮೇಸ್ತ್ರಿ ನೆನಪಾದ. ಅಯ್ಯೋ, ಬಿಸಿಸುದ್ದಿ ಏನೇನು ಕಳಿಸಿದ್ದಾನೋ! ಇಷ್ಟು ದಿನ ಬಾರದ ಬುದ್ಧಿ ಆ ಗಳಿಗೆಯಲ್ಲಿ ಬಂತು. ಫೋನು ಅವನ ಕೈಗೆ ಕೊಡುವ ಬದಲು ಬೆರಳು ತಾನಾಗಿ ಗ್ರೂಪಿನ ಮೇಲೆ ಹೋಯಿತು. ಒತ್ತಿದಳು. "ಅಳಿಸಲೇ?" ಎಂದು ಫೋನು ಕೇಳಿತು. ಅಷ್ಟರಲ್ಲಿ ಅಧಿಕಾರಿ ಎದ್ದು ಫೋನು ಎತ್ತಿಕೊಂಡಿದ್ದ. ಪರದೆಯ ಮೇಲೆ ಆ ಪ್ರಶ್ನೆ ಇನ್ನೂ ಹಾಗೇ ನಿಂತಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕದಿಯದವಳೂ ಹೆಗಲು ಮುಟ್ಟಿಕೊಂಡು ಸಿಕ್ಕಿಬಿದ್ದಳು.

"ಏನು ಅಳಿಸ್ತಿದ್ರಿ?"

"ಏನಿಲ್ಲ ಸಾರ್... ಜಾಗ ತುಂಬಿದೆ ಅಂತ..."

ಅವನು ಏನೋ ಬರೆದುಕೊಂಡ. ಆಮೇಲೆ ಒಂದೊಂದೇ ನೋಡತೊಡಗಿದ. ಮೊದಲು ಬಂದದ್ದು ಬೊಚ್ಚುಬಾಯಿಗಳು, ಸಾಲುಸಾಲಾಗಿ. ಅವನು ಹುಬ್ಬೇರಿಸಿದ. "ನನ್ನ ಕೆಲಸ ಸಾರ್" ಎಂದಳು. ಆಮೇಲೆ ಹೂವು, ದೀಪ, ಸೂರ್ಯ, ಬೆಕ್ಕು. ಇಪ್ಪತ್ತು ನಿಮಿಷ ಹೋಯಿತು. ಇನ್ನೇನು ಕೊಟ್ಟುಬಿಡುತ್ತಾನೆ ಅನ್ನುವಷ್ಟರಲ್ಲಿ ಅವನ ಬೆರಳು ನಿಂತಿತು. ಫೋನನ್ನು ಇವಳ ಕಡೆಗೆ ತಿರುಗಿಸಿದ.

ಹಲ್ಲಕ್ಕ ಅದನ್ನು ಮೊದಲ ಸಲ ನೋಡಿದ್ದು ಅಲ್ಲಿ. ಒಬ್ಬ ಮನುಷ್ಯನನ್ನು ಕಂಬಕ್ಕೆ ಕಟ್ಟಿದ್ದರು. ಅವನು ಏನೋ ಬೇಡಿಕೊಳ್ಳುತ್ತಿದ್ದ. ಸುತ್ತ ನಿಂತವರು ನಗುತ್ತಿದ್ದರು. ಮುಂದಿನದನ್ನು ಇಲ್ಲಿ ಬರೆಯುವುದಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು.

"ಕೆಳಗೆ ನೋಡಿ" ಎಂದ ಅಧಿಕಾರಿ. "ಇದನ್ನ ಎಲ್ಲರಿಗೂ ಹಂಚಿ ಅಂತ ಬರೆದಿದೆ. ನಮ್ಮಲ್ಲಿ ಇದು ನಿಷಿದ್ಧ. ಇದಕ್ಕೆ ಒಬ್ಬರು ಕೈ ಮುಗಿದಿದ್ದಾರೆ. ಯಾರು ಅದು?"

ಅವಳದೇ ಹೆಸರು. ಅವಳದೇ ಕೈ.

"ಅಯ್ಯೋ ಸಾರ್, ನಾನು ಎಲ್ಲಕ್ಕೂ ಕೈ ಮುಗೀತೀನಿ! ನೋಡಿ, ಬೆಕ್ಕಿಗೂ ಮುಗಿದಿದ್ದೀನಿ, ಕರೆಂಟಿಗೂ ಮುಗಿದಿದ್ದೀನಿ!"

ಅವನು ಹಿಂದೆ ಮುಂದೆ ಸರಿಸಿ ನೋಡಿದ. ನಿಜ. ಎಲ್ಲಕ್ಕೂ ಮುಗಿದಿದ್ದಳು. ಅವನು ತಲೆ ಆಡಿಸಿದ. "ಎಲ್ಲಕ್ಕೂ ಮುಗೀತೀರಿ. ಹಾಗಾದ್ರೆ ಇದಕ್ಕೂ ಮುಗಿದಿದ್ದೀರಿ."

ಅವನು ಗದರಿದ್ದರೆ ಅಳಬಹುದಿತ್ತು, ಲಂಚಕ್ಕೆ ಕೈ ಚಾಚಿದ್ದರೆ ಬೈಯಬಹುದಿತ್ತು. ಅವನು ಎರಡನ್ನೂ ಮಾಡಲಿಲ್ಲ. ನೀರು ತರಿಸಿಕೊಟ್ಟು ಕಾಗದ ಬರೆಯುತ್ತ ಕುಳಿತ.

ಹೊರಗೆ ಬಸ್ಸು ಹಾರ್ನ್ ಹಾಕಿತು. ಅರ್ಧ ಗಂಟೆ ಕಾದಿತ್ತು, ಇನ್ನು ಕಾಯುವಂತಿರಲಿಲ್ಲ. ಕಂಡಕ್ಟರಮ್ಮ ಬಾಗಿಲವರೆಗೆ ಓಡಿ ಬಂದಳು. ಒಳಗೆ ಬಿಡಲಿಲ್ಲ. ಹೊರಗಿನಿಂದಲೇ ಕೂಗಿದಳು: "ಅಕ್ಕಾ, ಇರೋದನ್ನ ಇದ್ದ ಹಾಗೆ ಹೇಳಿ! ಅರ್ಥವಾಗದ ಕಾಗದಕ್ಕೆ ಸಹಿ ಹಾಕ್ಬೇಡಿ! ನಿಮ್ಮ ಭಾಷೆ ಬರೋರನ್ನ ಕೊಡಿ ಅಂತ ಕೇಳಿ! ಫೋನ್ ಇಟ್ಕೊಂಡ್ರೆ ರಸೀದಿ ಕೇಳಿ!" ನೂರು ಜನರ ಮೇಲೆ ಕೂಗಿ ಪಳಗಿದ ಗಂಟಲು. ಒಂದಕ್ಷರ ಬಿಡದೆ ಕೇಳಿಸಿತು.

ಬಸ್ಸು ಹೋಯಿತು.

ಒಂದು ಗಂಟೆಯ ಮೇಲೆ ಅಧಿಕಾರಿ ಎರಡು ಹಾಳೆ ಮುಂದಿಟ್ಟ. ಎಲ್ಲ ಆಚೆ ದೇಶದ ಲಿಪಿ. "ಸಹಿ ಹಾಕಿದ್ರೆ ಬೇಗ ಮುಗಿಯುತ್ತೆ" ಎಂದ. ಹಲ್ಲಕ್ಕನ ಕೈ ಪೆನ್ನಿನವರೆಗೆ ಹೋಯಿತು. ಬೇಗ ಮುಗಿಯುತ್ತದೆ, ಮುಂದಿನ ಬಸ್ಸು ಹಿಡಿಯಬಹುದು. ನೋಡದೆ ಒತ್ತುವುದು ಅವಳಿಗೆ ರೂಢಿಯಾಗಿತ್ತಲ್ಲ! ಆದರೆ ಕೈ ಹಿಂದಕ್ಕೆ ಎಳೆದುಕೊಂಡಳು. "ನಮ್ಮ ಭಾಷೆ ಬರೋರು ಓದಿ ಹೇಳಬೇಕು ಸಾರ್" ಎಂದಳು.

ಅವರು ಸಿಗುವ ಹೊತ್ತಿಗೆ ಮಧ್ಯಾಹ್ನ ಮೂರು ದಾಟಿತ್ತು. ಫೋನಿನಲ್ಲಿ ಒಬ್ಬ ಹೆಂಗಸು ಸಾಲುಸಾಲಾಗಿ ಓದಿ ಹೇಳಿದಳು. ನಾಲ್ಕನೇ ಸಾಲಿನಲ್ಲಿ ಹೀಗಿತ್ತು: "ಸದರಿ ವಿಡಿಯೋವನ್ನು ನಾನು ತಿಳಿದು, ಮೆಚ್ಚಿ ಇಟ್ಟುಕೊಂಡಿದ್ದೇನೆ."

"ತಿಳಿದೂ ಇಲ್ಲ, ಮೆಚ್ಚಿಯೂ ಇಲ್ಲ, ಹೊಡೆದುಹಾಕಿ ಅದನ್ನ!" ಎಂದು ಹಲ್ಲಕ್ಕ ಮೇಜು ಗುದ್ದಿದಳು. ಹೊಡೆದುಹಾಕಿದರು. ನೋಡದೆ ಇಟ್ಟುಕೊಂಡಿದ್ದೆ, ನೋಡದೆ ಕೈ ಮುಗಿದೆ, ಹೆದರಿ ಅಳಿಸಲು ಹೋದೆ ಎಂದು ಬರೆಸಿದಳು. ಆ ಒಂದು ಸಾಲು ಉಳಿದಿದ್ದರೆ ಅವಳು ಆ ಸಂಜೆ ಜೈಲಿನಲ್ಲಿರುತ್ತಿದ್ದಳು.

ನಡುವೆ ಅಧಿಕಾರಿ ತನ್ನ ಮೇಜಿನ ಫೋನು ಮುಂದೆ ತಳ್ಳಿದ್ದ. "ಮನೆಯವರಿಗೆ ಹೇಳೋದಿದ್ರೆ ಹೇಳಿ." ಹಲ್ಲಕ್ಕ ರಿಸೀವರ್ ಎತ್ತಿಕೊಂಡಳು. ಮಗಳ ನಂಬರು? ಗೊತ್ತಿಲ್ಲ. ಗಂಡನ ನಂಬರು? ಮೊದಲ ನಾಲ್ಕು ಅಂಕಿ ಬಂತು, ಮುಂದಿನದು ಬರಲಿಲ್ಲ. ಎಲ್ಲ ಅವಳ ಫೋನಿನಲ್ಲೇ ಇತ್ತು. ಅದು ಆಗಲೇ ಮುದ್ರೆ ಹಾಕಿದ ಲಕೋಟೆಯೊಳಗೆ ಹೋಗಿತ್ತು. ರಿಸೀವರ್ ಕೆಳಗಿಟ್ಟಳು.

ಆ ಹೊತ್ತಿಗೆ ಮಗಳು ಎಲ್ಲಿದ್ದಳು ಗೊತ್ತಾ? ಆಚೆ ಕಡೆಯ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ. ಹನ್ನೊಂದು ಗಂಟೆಯಿಂದ ಅಮ್ಮನಿಗೆ ಫೋನು ಮಾಡಿ ಮಾಡಿ ಸಾಕಾಗಿ, ದಿನ ತುಂಬಿದ ಬಸುರಿ, ಬಸ್ಸು ಬರುವ ಹೊತ್ತಿಗೆ ತಾನೇ ಬಂದು ಕುಳಿತಿದ್ದಳು. ಬಸ್ಸು ಬಂತು. ಎಲ್ಲರೂ ಇಳಿದರು. ಕೊನೆಗೆ ಕಂಡಕ್ಟರಮ್ಮ ಇಳಿದು, "ಅಮ್ಮನ್ನ ಗಡಿಯಲ್ಲಿ ನಿಲ್ಲಿಸ್ಕೊಂಡಿದ್ದಾರೆ ಮಗಳೇ" ಎಂದಳು. ಮಗಳು ಎದ್ದು ನಿಂತಳು, ಮತ್ತೆ ಕುಳಿತಳು. ನೋವು ಅಲ್ಲೇ ಶುರುವಾಯಿತು.

ಕಂಡಕ್ಟರಮ್ಮನೇ ಗಾಡಿ ಮಾಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬಸ್ಸು ವಾಪಸ್ ಹೊರಡಲು ಎರಡು ಗಂಟೆ ಇತ್ತು. ಆ ಎರಡು ಗಂಟೆ ಅವಳ ಕೈ ಹಿಡಿದು ಕುಳಿತಳು. ಆಮೇಲೆ ಬಿಡಿಸಿಕೊಂಡು ಡ್ಯೂಟಿಗೆ ಓಡಿದಳು. ಉಳಿದ ಹದಿನಾಲ್ಕು ಗಂಟೆ ಮಗಳು ಕೈ ಹಿಡಿದದ್ದು ಮಂಚದ ಕಬ್ಬಿಣವನ್ನು.

ಸಂಜೆ ಅದೇ ಬಸ್ಸಿನಲ್ಲಿ ಹಲ್ಲಕ್ಕನನ್ನು ಹಿಂದಕ್ಕೆ ಕಳಿಸಿದರು. ಪಾಸು ಅವರ ಬಳಿಯೇ ಉಳಿಯಿತು. ವಿಚಾರಣೆ ಮುಗಿಯುವ ತನಕ ಗಡಿ ದಾಟುವಂತಿಲ್ಲ. ಕೈಯಲ್ಲಿದ್ದದ್ದು ಕೂಸಿನ ಬಟ್ಟೆಯ ಬ್ಯಾಗು ಮತ್ತು ಫೋನಿನ ರಸೀದಿ. ಮಗಳಿಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿ ಬಂದಿದ್ದೇನೆ ಎಂದು ಕಂಡಕ್ಟರಮ್ಮ ಹೇಳಿದಳು. ನಾನು ಮೊದಲೇ ಎಚ್ಚರಿಸಿದ್ದೆ ಎಂದು ಮಾತ್ರ ಅನ್ನಲೇ ಇಲ್ಲ. ಅಂದಿದ್ದರೆ ವಾಸಿಯಿತ್ತು ಎಂದು ಹಲ್ಲಕ್ಕ ಈಗಲೂ ಹೇಳುತ್ತಾಳೆ.

ಮಾರನೆಯ ಬೆಳಿಗ್ಗೆ ಯಜಮಾನರ ಫೋನಿಗೆ ಸುದ್ದಿ ಬಂತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ. ಹಲ್ಲಕ್ಕ ಫೋನು ಕಿವಿಗಿಟ್ಟುಕೊಂಡಳು.

"ಬಿಟ್ರೆ ಕೇಳು ಅಂದಿದ್ಯಲ್ಲಮ್ಮ" ಎಂದಳು ಮಗಳು. ಅಷ್ಟು ಸಾಕಾಗಿತ್ತು.

ಸ್ವಲ್ಪ ಹೊತ್ತಿಗೆ ಬಿಸಿಸುದ್ದಿ ಬಂದ. ಬಾಗಿಲಲ್ಲೇ ನಿಂತು ಕೇಳಿದ ಮೊದಲ ಮಾತು: "ಅತ್ತಿಗೆ, ಅಲ್ಲಿ ನನ್ನ ಹೆಸರು ಹೇಳಿದ್ರಾ?"

ಹಲ್ಲಕ್ಕ ಪ್ಲಾಸ್ಟರ್ ಕಲಸುತ್ತಿದ್ದಳು.

"ನಾನೂ ನೋಡಿರ್ಲಿಲ್ಲ ಅತ್ತಿಗೆ, ಆಣೆ ಮಾಡಿ ಹೇಳ್ತೀನಿ! ಎಲ್ಲಿಂದಲೋ ಬಂತು, ಮುಂದೆ ಕಳಿಸಿದೆ ಅಷ್ಟೆ. ನನ್ನದೇನು ತಪ್ಪು?"

"ಹೌದಪ್ಪ. ಉಪ್ಪು ತಿಂದೋರು ನೀರು ಕುಡೀಬೇಕು ಅಂತಾರೆ. ನೀನು ತಿಂದೆ, ನಾನು ಕುಡಿದೆ."

"ಎಲ್ಲರಿಗೂ ವಿಷಯ ತಿಳಿಸಿದ್ದೀನಿ ಅತ್ತಿಗೆ. ಎಲ್ಲರೂ ಎಷ್ಟು ಮರುಗಿದ್ದಾರೆ ನೋಡಿ" ಎಂದು ಅವನು ತನ್ನ ಫೋನು ಮುಂದೆ ಹಿಡಿದ. "ನಮ್ಮ ಅತ್ತಿಗೆಯನ್ನು ಗಡಿಯಲ್ಲಿ ತಡೆದಿದ್ದಾರೆ, ಎಲ್ಲರೂ ಹಾರೈಸಿ" ಎಂದು ಗ್ರೂಪಿಗೆ ಹಾಕಿದ್ದ. ಕೆಳಗೆ ಸಾಲುಸಾಲು ಕೈಗಳು. ನಲವತ್ತೊಂದು ಜನ ಕೈ ಮುಗಿದಿದ್ದರು.

ಹಲ್ಲಕ್ಕ ಅದನ್ನೇ ನೋಡುತ್ತ ನಿಂತಳು. "ಇದರಲ್ಲಿ ಎಷ್ಟು ಜನ ಓದಿದ್ದಾರೆ ಕೇಳು" ಎಂದಳು.

ಆಮೇಲೆ ಬಟ್ಟಲು ಕೆಳಗಿಟ್ಟು ಅವನತ್ತ ತಿರುಗಿದಳು. "ನೀನು ನೋಡಿಲ್ಲ ಅಲ್ವಾ? ನಾನು ನೋಡಿದೆ ಕಣೋ. ಕಂಬಕ್ಕೆ ಕಟ್ಟಿದ್ರಲ್ಲ, ಆ ಮನುಷ್ಯನಿಗೆ ಮುಂದಿನ ಎರಡು ಹಲ್ಲು ಇರಲಿಲ್ಲ. ಹಳೇದು, ಒಸಡು ಆರಿತ್ತು. ಯಾವತ್ತಾದರೂ ಕಟ್ಟಿಸ್ಕೊಬೇಕು ಅಂತ ಅಂದ್ಕೊಂಡಿದ್ದನೋ ಏನೋ. ಬಾಯಿ ಬಿಟ್ಟು ಬೇಡ್ಕೊಳ್ತಿದ್ದ. ಅವನು ಸಾಯೋದಕ್ಕೆ ನಾನು ಕೈ ಮುಗಿದಿದ್ದೀನಿ. ಆ ಅಧಿಕಾರಿ ನನ್ನ ಪಾಸು ಕಿತ್ಕೊಂಡ ಅಂತ ಹೊಟ್ಟೆ ಉರೀತಿದೆ, ನಿಜ. ಆದ್ರೆ ಇದಕ್ಕೂ ಮುಗಿದಿದ್ದೀರಿ ಅಂದನಲ್ಲ, ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತೂ ಇಲ್ಲ."

ಬಿಸಿಸುದ್ದಿ ಮುಂದೆ ಹಿಡಿದಿದ್ದ ಫೋನನ್ನು ಜೇಬಿಗೆ ಹಾಕಿಕೊಂಡ. ಬಾಗಿಲ ಬಳಿ ಯಜಮಾನರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. "ತಪ್ಪು ಮಾಡದೋರು ಯಾಕೆ ಹೆದರಬೇಕು ಅಂದಿದ್ದೆ ನಾನು. ದೊಡ್ಡ ಮಾತು" ಎಂದು ತಮಗೆ ತಾವೇ ಹೇಳಿಕೊಂಡರು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಆ ಭಾನುವಾರ ಬೀದಿಯವರೆಲ್ಲ ಹಲ್ಲಕ್ಕನ ಮುಂದಿನ ಕೋಣೆಯಲ್ಲಿ ಸೇರಿದರು. ಪ್ಲಾಸ್ಟರ್ ಬಾಯಿಗಳ ನಡುವೆ ಫೋನುಗಳನ್ನು ಸಾಲಾಗಿ ಇಟ್ಟು ಕಂಡಕ್ಟರಮ್ಮ ಒಂದೊಂದನ್ನೂ ತೆರೆಸಿದಳು. ತಾನಾಗಿ ಇಳಿಯುವುದನ್ನು ನಿಲ್ಲಿಸಿದಳು. ಅದೇ ವಿಡಿಯೋ ಹದಿನೇಳು ಫೋನಿನಲ್ಲಿತ್ತು. ಎದುರುಮನೆಯ ವಿಧವೆಯ ಫೋನಿನಲ್ಲೂ ಇತ್ತು, ಗುಲಾಬಿಗಳ ನಡುವೆ. ಹದಿನೇಳರಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ. ಬಿಸಿಸುದ್ದಿಯನ್ನು ಠಾಣೆಗೆ ಕರೆದುಕೊಂಡು ಹೋಗಿ, ಅದು ತನಗೆ ಯಾರಿಂದ ಬಂತು ಎಂದು ಹೇಳಿಸಿದರು. ಅವನ ಮುಖ ಊದಿತು. ಹಲ್ಲಕ್ಕ ಗ್ರೂಪಿನಿಂದ ತನ್ನ ಹೆಸರು ತೆಗೆಸಿದಳು.

ಎಂಟು ತಿಂಗಳಾದ ಮೇಲೆ ಒಂದು ಕಾಗದ ಬಂತು. ನಿಮ್ಮ ಮೇಲೆ ಪ್ರಕರಣವಿಲ್ಲ, ಪಾಸಿಗೆ ಹೊಸದಾಗಿ ಅರ್ಜಿ ಹಾಕಿಕೊಳ್ಳಿ, ಕಾಲಾವಕಾಶ ಬೇಕಾಗುತ್ತದೆ. ಫೋನಿನ ಮಾತಿಲ್ಲ, ತಪ್ಪಾಯಿತು ಎಂಬ ಮಾತೂ ಎಲ್ಲೂ ಇಲ್ಲ. ಹಲ್ಲಕ್ಕ ಕಾಗದವನ್ನು ಮೂರು ಸಲ, ಒಂದಕ್ಷರ ಬಿಡದೆ ಓದಿಸಿದಳು. ಈಗ ಅವಳು ಎಲ್ಲವನ್ನೂ ಓದಿಸುತ್ತಾಳೆ.

ಅದೇ ವಾರ ಮಗಳು ಅಪ್ಪನ ಫೋನಿಗೆ ಒಂದು ಫೋಟೋ ಕಳಿಸಿದಳು. ಯಜಮಾನರು ಕೆಲಸದ ಮೇಜಿಗೆ ತಂದು ತೋರಿಸಿದರು. ಕೂಸು ಬಾಯಿ ತೆರೆದು ನಗುತ್ತಿತ್ತು. ಕೆಳಗಿನ ಒಸಡಿನ ನಡುವೆ ಅಕ್ಕಿಕಾಳಿನ ತುದಿಯಷ್ಟು ಬಿಳುಪು.

ಮೂವತ್ತು ವರ್ಷದಲ್ಲಿ ಹಲ್ಲಕ್ಕ ಸಾವಿರಾರು ಹಲ್ಲು ಕೂರಿಸಿದ್ದಳು. ತಾನಾಗಿ ಬಂದ ಈ ಒಂದನ್ನು ಬೆರಳಿನಿಂದ ಮುಟ್ಟಿ ನೋಡಲು ಅವಳಿಂದಾಗಲಿಲ್ಲ. ಕೈ ತೊಳೆದು ಒರೆಸಿಕೊಂಡು ಬಂದು ಪರದೆಯನ್ನು ಮುಟ್ಟಿದಳು. ಗಾಜು ತಣ್ಣಗಿತ್ತು.

"ಏನು ಕಳಿಸಲಿ? ಕೈ ಮುಗಿದು ಕಳಿಸಲಾ?" ಎಂದು ಯಜಮಾನರು ಮೆಲ್ಲಗೆ ಕೇಳಿದರು.

"ಬೇಡ" ಎಂದಳು ಹಲ್ಲಕ್ಕ. "ನೋಡಿದೆ ಅಂತ ಬರೀರಿ."

ಕಥೆ ಕೇಳಿದಿರಲ್ಲ, ಅಣ್ಣಂದಿರೇ, ಅಕ್ಕಂದಿರೇ? ಈಗ ನಿಮ್ಮ ಫೋನು ಕೈಗೆತ್ತಿಕೊಳ್ಳಿ. ನಾಳೆ ಅಂದರೆ ಹಲ್ಲಕ್ಕನ ಹಾಗೆ ಮೇಣ ಆರುತ್ತದೆ ಎಂದು ಎದ್ದು ಹೋಗುತ್ತೀರಿ. ಗ್ರೂಪಿನಿಂದ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಗೊತ್ತಾಗದಿದ್ದರೆ ಗೊತ್ತಿರುವವರನ್ನು ಕೇಳಿ, ನಾಚಿಕೆ ಬೇಡ. ಕೊಲೆ, ಹಿಂಸೆ, ದ್ವೇಷದ ವಿಡಿಯೋ ಬಂದರೆ ಯಾರಿಗೂ ಕಳಿಸಬೇಡಿ, ಪೊಲೀಸರಿಗೆ ತಿಳಿಸಿ, ಅಂಥ ಗ್ರೂಪಿನಿಂದ ಹೊರಗೆ ಬನ್ನಿ, ಮೈದುನನ ಮುಖ ಊದಿದರೆ ಊದಲಿ. ಗಡಿ ದಾಟುವವರಿದ್ದರೆ ಆ ದೇಶದ ಕಾನೂನು ಏನು ಎಂದು ಹೊರಡುವ ಮೊದಲೇ ವಿಚಾರಿಸಿ, ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಬೇರೆಯವರ ಫೋನು, ಮೆಮೊರಿ ಕಾರ್ಡು ಹೊತ್ತುಕೊಂಡು ಹೋಗಬೇಡಿ. ಅಲ್ಲಿ ಅಧಿಕಾರಿ ಎದುರಿಗೆ ಏನನ್ನೂ ಅಳಿಸಲು ಹೋಗಬೇಡಿ, ಸುಳ್ಳು ಹೇಳಬೇಡಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ಫೋನು ಇಟ್ಟುಕೊಂಡರೆ ರಸೀದಿ ಕೇಳಿ ಪಡೆಯಿರಿ. ನಿಮ್ಮವರ ನಂಬರನ್ನು ಇವತ್ತೇ ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಿ.

ಇದನ್ನು ಓದಿ ಮುಗಿಸಿ ನೀವೂ ಒಂದು ಕೈ ಮುಗಿದು ಮುಂದೆ ತಳ್ಳಿಬಿಡಬೇಡಿ. ಮೊದಲು ನೋಡಿ. ಮುಗಿಯಬೇಕಾದ ಕೈ ಯಾವುದು, ಹಿಡಿಯಬೇಕಾದ ಕೈ ಯಾವುದು ಎಂದು ಆಮೇಲೆ ನಿಮಗೇ ತಿಳಿಯುತ್ತದೆ.